ಛತ್ತಿನ ಬಟ್ಟೆ ಮತ್ತು ಅವ್ವನ ‘ಹೂಂ’

ನನ್ನ ಕಾರಿನ ಛತ್ತಿನ ಬಟ್ಟೆ ಮೊದಲು ಜೋತುಬಿದ್ದದ್ದು ಹಿಂದಿನ ಸೀಟಿನ ಎಡಗಡೆ, ನಮ್ಮವ್ವ ಕೂರುವ ಜಾಗದ ಮೇಲೆ. ರಿಪೇರಿಯವರು ಅದಕ್ಕೆ ರೂಫ್ ಲೈನಿಂಗ್ ಅನ್ನುತ್ತಾರೆ. ಕಾರಿನ ತಗಡಿನ ಒಳಗಡೆ ಒಂದು ದಪ್ಪ ರಟ್ಟು ಇರುತ್ತದೆ. ರಟ್ಟಿಗೆ ತೆಳ್ಳನೆಯ ಸ್ಪಂಜು, ಸ್ಪಂಜಿಗೆ ಬಟ್ಟೆ. ವರ್ಷಗಟ್ಟಲೆ ಬಿಸಿಲಿಗೆ ಕಾದು ಸ್ಪಂಜು ಪುಡಿಯಾದರೆ ಬಟ್ಟೆಗೆ ಹಿಡಿದುಕೊಳ್ಳಲು ಏನೂ ಉಳಿಯುವುದಿಲ್ಲ. ನನ್ನದು ಸೆಕೆಂಡ್ ಹ್ಯಾಂಡ್ ಕಾರು. ನಾಸಿಕ್‌ನಲ್ಲಿ ನಾನು ವರದಿಗಾರನಾಗಿದ್ದ ಪತ್ರಿಕೆಯ ಕಚೇರಿ ಮುಂದೆ, ನೆರಳಿಲ್ಲದ ಜಾಗದಲ್ಲಿ, ಅದು ಆರು ಬೇಸಿಗೆ ನಿಂತಿತ್ತು.

ಇದು ಎರಡು ಸಾವಿರದ ಹತ್ತರ ಆಚೀಚಿನ ಮಾತು. ಈಗ ಛತ್ರಪತಿ ಸಂಭಾಜಿನಗರ ಎನ್ನುವ ಊರಿಗೆ ಆಗ ನಾವೆಲ್ಲ ಔರಂಗಾಬಾದ್ ಎನ್ನುತ್ತಿದ್ದೆವು. ನಾವು ಬೀದರ್ ಕಡೆಯವರು. ನಾನು ಓದಿ ನಾಸಿಕ್ ಸೇರಿದೆ. ನನ್ನ ತಮ್ಮ ಡಿಪ್ಲೊಮಾ ಅರ್ಧಕ್ಕೆ ಬಿಟ್ಟು ಔರಂಗಾಬಾದ್ ಸೇರಿದ. ಅಪ್ಪ ತೀರಿದ ಮೇಲೆ ಅಣ್ಣತಮ್ಮಂದಿರು ಕೂತು ಒಂದು ಮಾತು ಮಾಡಿಕೊಂಡೆವು: ಅವ್ವ ಶ್ರಾವಣದಿಂದ ಸಂಕ್ರಾಂತಿವರೆಗೆ ನನ್ನ ಮನೆಯಲ್ಲಿ, ಉಳಿದ ತಿಂಗಳು ಅವನ ಮನೆಯಲ್ಲಿ. ಮೊದಲ ವರ್ಷ ಅವ್ವ ಸಂಕ್ರಾಂತಿಯ ಎಳ್ಳು ಬೆಲ್ಲ ಮುಗಿಸಿಯೇ ಹೋದಳು. ಎರಡನೆಯ ವರ್ಷ ಡಿಸೆಂಬರ್‌ಗೇ ಹೊರಟಳು. ಮೂರನೆಯ ವರ್ಷ ದೀಪಾವಳಿಯ ಮರುದಿನ ಚೀಲ ಕಟ್ಟಿದಳು. ನಾನು ಮಾತ್ರ ಲೆಕ್ಕ ಇಟ್ಟಿದ್ದೆ.

ಆ ಮೂರನೆಯ ವರ್ಷವೇ ಛತ್ತು ಜೋತುಬಿದ್ದದ್ದು. ಶ್ರಾವಣಕ್ಕೆ ಮುಂಚೆ ಅವ್ವನನ್ನು ಕರೆತರುತ್ತಿದ್ದೆ. ಔರಂಗಾಬಾದ್ ದಾಟಿ ಒಂದು ತಾಸು ಆಗಿರಬೇಕು.

“ಅಲ್ಲೋ ಯಪ್ಪಾ, ಇದು ಮಾರಿ ಮ್ಯಾಲ ಬರ್ಲಾಕತ್ತದಲ್ಲೋ.”

“ಕೈಲೆ ಎತ್ತಿ ಹಿಡ್ಕೊ ಅವ್ವ. ವೈಜಾಪುರದಾಗ ನಿಂತು ಚಹಾ ಕುಡ್ಯಮು.”

“ನಾ ಏನ್ ಮದ್ವಿ ಹಂದರದ ಕಂಬ ಏನು, ಎತ್ತಿ ಹಿಡೀಲಾಕ?”

ವೈಜಾಪುರದಲ್ಲಿ ಚಹಾ ಕುಡಿದಳು. ಲೋಟ ಕೆಳಗಿಟ್ಟು, ಸೆರಗು ಸರಿಮಾಡಿಕೊಂಡು, ಎದುರಿನ ಸ್ಟ್ಯಾಂಡಿನಲ್ಲಿ ನಿಂತಿದ್ದ ನಾಸಿಕ್ ಬಸ್ಸು ಹತ್ತಿದಳು. “ಅದರ ಕೆಳಗ ಕುಂತ್ರ ಹೆಣಕ್ಕ ಹೊಚ್ಚಿದಂಗ ಆಗ್ತದ. ನೀ ಹಿಂದಿಂದ ಬಾ,” ಎಂದು ಕಿಟಕಿಯಿಂದ ಹೇಳಿದಳು. ಯೇವಲಾ, ನಿಫಾಡ್ ಎಲ್ಲ ದಾಟಿ ನಾಸಿಕ್‌ವರೆಗೆ ನಾನು ಖಾಲಿ ಕಾರು ಓಡಿಸುತ್ತ ಸರ್ಕಾರಿ ಬಸ್ಸಿನ ಹಿಂದೆ ಬಂದೆ. ಬಸ್ಸಿನ ಹಿಂದಿನ ಗಾಜಿನಲ್ಲಿ ಅವಳ ಬಿಳಿ ತುರುಬು ಕಾಣುತ್ತಿತ್ತು. ಒಮ್ಮೆಯೂ ತಿರುಗಲಿಲ್ಲ.

ಮರುವರ್ಷ ಯುಗಾದಿ ಆದ ಮೇಲೆ ಫೋನಿನಲ್ಲಿ ಶರತ್ತು ಹಾಕಿದಳು. “ಮೊದಲ ಆ ಗಾಡಿ ಛತ್ತ ಸರಿ ಮಾಡ್ಸು. ಆಮ್ಯಾಲ ಬರ್ತೀನಿ. ಇಲ್ಲಂದ್ರ ಈ ವರ್ಷ ಇಲ್ಲೇ ಇರ್ತೀನಿ.”

ತಮ್ಮ ಅವಳ ಕೈಯಿಂದ ಫೋನ್ ಇಸಕೊಂಡ. “ಅಣ್ಣಾ, ಗಾಡಿ ಇಲ್ಲಿ ತಗೊಂಡು ಬಾ. ಅರ್ಧಾ ದಿವ್ಸದ ಕೆಲ್ಸ.”

ನನ್ನ ತಮ್ಮನ ಕೆಲಸವೇ ಅದು. ಔರಂಗಾಬಾದ್‌ನಿಂದ ದೌಲತಾಬಾದ್ ಕಡೆಗೆ ಹೋಗುವ ರಸ್ತೆಯ ಮಗ್ಗುಲಿಗೆ ಅವನದೊಂದು ತಗಡಿನ ಶೆಡ್ಡು. ಕೋಟೆ, ಗುಹೆ ನೋಡಲು ಬರುವವರನ್ನು ಹೊತ್ತು ತಿರುಗುವ ಟ್ಯಾಕ್ಸಿಗಳೇ ಅವನ ಗಿರಾಕಿಗಳು. ಸೀಟ್ ಕವರ್ ಹೊಲಿಯುತ್ತಿದ್ದ, ಛತ್ತಿಗೆ ಬಟ್ಟೆ ಹಾಕುತ್ತಿದ್ದ. ಅವನು ಕಾಲೇಜು ಬಿಟ್ಟಾಗ ನಾನು ಅಪ್ಪನ ಮುಂದೆ, “ಗಾದಿ ಹೊಲಿಯವ್ರ ಜೋಡಿ ಕುಂತು ಹಾಳಾಗ್ಲಾಕತ್ತಾನ,” ಎಂದಿದ್ದೆ. ಅವನು ಅಲ್ಲೇ ಬಾಗಿಲಲ್ಲಿ ನಿಂತಿದ್ದ. ಅದಾಗಿ ಇಪ್ಪತ್ತು ವರ್ಷ ಆಗಿತ್ತು. ಅವನು ಆ ಮಾತನ್ನು ಎಂದೂ ಎತ್ತಲಿಲ್ಲ. ಎತ್ತಿದ್ದರೆ ಒಳ್ಳೆಯದಿತ್ತು.

“ನೋಡ್ತೀನಿ,” ಎಂದು ಫೋನ್ ಇಟ್ಟೆ.

ನೋಡುವ ಮನಸ್ಸಿರಲಿಲ್ಲ. ಕಾರಣವನ್ನು ಸುತ್ತಿ ಬಳಸಿ ಹೇಳುವುದಿಲ್ಲ: ನನಗೆ ಹೊಟ್ಟೆಕಿಚ್ಚಿತ್ತು. ಅವ್ವ ಅವನ ಹತ್ತಿರ ಇರುತ್ತಾಳೆ, ಇರಲು ಇಷ್ಟಪಡುತ್ತಾಳೆ. ಈಗ ಅವಳನ್ನು ನನ್ನ ಮನೆಗೆ ಕರೆತರುವುದಕ್ಕೂ ಅವನ ಕೈಯೇ ಬೇಕು ಎಂದರೆ ನನ್ನದು ಅಂತ ಉಳಿದದ್ದೇನು? ಈ ಗಾಯಕ್ಕೆ ಉಪ್ಪು ಸವರುವಂತೆ ಇನ್ನೊಂದಾಯಿತು. ಓಝರ್‌ನ ವಿಮಾನ ಕಾರ್ಖಾನೆಯಲ್ಲಿ ಕೆಲಸ ಮಾಡುವ ನಮ್ಮ ಕಡೆಯ ಒಬ್ಬ ಎಂಜಿನಿಯರ್ ಬಸವ ಜಯಂತಿಯ ಊಟದ ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದರು. ಪರಿಚಯವಾಯಿತು. ಮನೆತನದ ಅಡ್ಡಹೆಸರು ಕೇಳಿ ಕಣ್ಣು ಅರಳಿಸಿದರು.

“ಔರಂಗಾಬಾದ್‌ದಾಗ ಛತ್ತಿನ ಕೆಲ್ಸ ಮಾಡ್ತಾರಲ್ರಿ, ನೀವು ಅವರ ಅಣ್ಣಾರೇನ್ರಿ? ಭಾರೀ ಕೈ ಅದರಿ ಅವರ್ದು. ನನ್ನ ಗಾಡಿಗಿ ಹಾಕಿ ಎರಡು ವರ್ಷ ಆತು, ಒಂದು ಗುಳ್ಳಿ ಎದ್ದಿಲ್ಲ ನೋಡ್ರಿ.”

“ಹೌದ್ರಿ,” ಅಂದೆ.

“ನೀವೇನ್ ಮಾಡ್ತೀರಿ?”

“ಪೇಪರ್‌ನಾಗ ಇದ್ದೀನ್ರಿ.”

“ಹಾಂ ಹಾಂ,” ಎಂದು ಹೋಳಿಗೆಗೆ ತುಪ್ಪ ಹಾಕಿಸಿಕೊಂಡರು. ಹತ್ತು ವರ್ಷದಿಂದ ನಾಸಿಕ್‌ನಲ್ಲಿ ನನ್ನ ಹೆಸರು ವಾರಕ್ಕೆ ನಾಲ್ಕು ದಿನ ಅಚ್ಚಾಗುತ್ತಿತ್ತು.

ಆ ವಾರವೇ ನಾನೇ ರಿಪೇರಿ ಮಾಡುತ್ತೇನೆಂದು ತೀರ್ಮಾನಿಸಿದೆ.

ನಮ್ಮ ಕಚೇರಿಯ ಸ್ಟೋರ್ ಕೋಣೆಯಲ್ಲಿ ಅಂಟಿನ ಒಂದು ದೊಡ್ಡ ಡಬ್ಬಿ ಉಳಿದಿತ್ತು. ಕಂಪ್ಯೂಟರಿನಲ್ಲೇ ಪುಟ ಕಟ್ಟುವ ಕಾಲ ಬರುವ ಮೊದಲು ಅಚ್ಚಾದ ಕಾಲಂಗಳನ್ನು ಕತ್ತರಿಸಿ, ಹಿಂದೆ ಅಂಟು ಸವರಿ, ದೊಡ್ಡ ಹಾಳೆಗೆ ಅಂಟಿಸಿ ಪುಟ ಮಾಡುತ್ತಿದ್ದೆವು. ಆ ಅಂಟಿನ ವಾಸನೆ ನನ್ನ ಕಸುಬಿನ ಮೊದಲ ವಾಸನೆ. ಅದಕ್ಕಿಂತ ನಂಬಿಕೆಯ ಅಂಟು ಬೇರೆ ಇದೆ ಎಂದು ನನಗೆ ಹೊಳೆಯಲೇ ಇಲ್ಲ. ರಜೆ ಹಾಕಿ, ಎರಡು ದಿನ ಕಾರಿನೊಳಗೆ ಅಂಗಾತ ಮಲಗಿ, ಬಟ್ಟೆಯ ಹಿಂದೆ ಕೈ ತೂರಿಸಿ ಸವರಿದೆ, ಒತ್ತಿದೆ. ಕತ್ತು ಹಿಡಿದುಕೊಂಡಿತು. ಛತ್ತು ಚೊಕ್ಕಟವಾಗಿ ಮೇಲೆ ಕೂತಿತು. ಅವ್ವನಿಗೆ ಫೋನ್ ಮಾಡಿ, “ಆಗ್ಯದ. ನಾನೇ ಮಾಡೀನಿ,” ಎಂದೆ.

“ನೀನೇ? ಅಂಟು ಒಣಗಿತ್ತೇನು, ಬಟ್ಟಿ ಹಾಕು ಮುಂಚಿ?”

ಆ ಪ್ರಶ್ನೆ ನನಗೆ ವಿಚಿತ್ರ ಅನಿಸಿತು. ಒಣಗಿದ ಮೇಲೆ ಅಂಟಿಸುವುದು ಹೇಗೆ? ಅವಳಿಗೆ ಇದೆಲ್ಲ ಎಲ್ಲಿಂದ ಗೊತ್ತು ಎಂದು ಕೇಳುವುದನ್ನೂ ಮರೆತೆ.

ಐದನೆಯ ದಿನ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಭೆ ಮುಗಿಸಿ ಮಧ್ಯಾಹ್ನ ಎರಡು ಗಂಟೆಗೆ ಕಾರಿನ ಬಾಗಿಲು ತೆರೆದರೆ ಒಳಗೆ ಸೀಟು ಕಾಣಲಿಲ್ಲ. ಇಡೀ ಬಟ್ಟೆ ಈ ತುದಿಯಿಂದ ಆ ತುದಿಗೆ ಕಳಚಿ ಸೀಟುಗಳ ಮೇಲೆ ಹಾಸಿಕೊಂಡಿತ್ತು. ಅಲ್ಲೇ ಬಿಸಿಲಲ್ಲಿ ನಿಂತಾಗ ನೆನಪಾಯಿತು. ಆ ಅಂಟಿನ ಗುಣವೇ ಬಿಟ್ಟುಕೊಡುವುದು. ಕೊನೆಯ ಗಳಿಗೆಯಲ್ಲಿ ಸುದ್ದಿ ಬದಲಾದರೆ ಅಂಟಿಸಿದ ಕಾಲಂ ಎತ್ತಿ ಬೇರೆ ಕಡೆ ಇಡಬೇಕಲ್ಲ, ಅದಕ್ಕೆಂದೇ ಮಾಡಿದ ಅಂಟು ಅದು. ಹತ್ತಾರು ಸಲ ನಾನೇ ಎತ್ತಿ ಇಟ್ಟಿದ್ದೆ. ಪತ್ರಿಕೆಯವನಲ್ಲದೆ ಬೇರೆ ಯಾರೂ ಇಂಥ ತಪ್ಪು ಮಾಡಲಾರರು.

ನನ್ನ ಹೆಂಡತಿ ಕಲಬುರಗಿಯವಳು, ಬಾಯಿ ಚುರುಕು. ಬಟ್ಟೆ ನೋಡಿ ಹೇಳಿದಳು: “ಪೇಪರ್‌ನವರ ಕೆಲ್ಸ ಅಲ್ರಿ, ಮುಂಜಾನಿ ಭಾರೀ ಇರ್ತದ, ಸಂಜಿಕಿ ರದ್ದಿ.” ಆಮೇಲೆ ಒಳಗೆ ಹೋಗಿ ಸೇಫ್ಟಿ ಪಿನ್ನುಗಳ ಡಬ್ಬಿ ತಂದು ಕೈಯಲ್ಲಿಟ್ಟಳು. “ಇವು ಚುಚ್ಕೊಂಡು ಮೈದುನರ ಅಂಗಡಿಗಿ ಹೋಗ್ರಿ. ಅತ್ತಿ ಬರಬೇಕೋ ಬ್ಯಾಡೋ?”

ಆಷಾಢದ ಕೊನೆಯ ವಾರ ಹೋದೆ. ಮೋಡ ಕವಿದಿತ್ತು, ಮಳೆ ಇರಲಿಲ್ಲ. ತಲೆಯ ಮೇಲೆ ನಲವತ್ತು ಪಿನ್ನುಗಳು ಮಿನುಗುತ್ತಿದ್ದವು.

ಶೆಡ್ಡಿನ ಮುಂದೆ ಇಳಿದಾಗ ಮೊದಲು ಕಂಡದ್ದು ಅವ್ವ. ಅವಳು ಮನೆಯಲ್ಲಿರುತ್ತಾಳೆಂದು ತಿಳಿದಿದ್ದೆ. ಅವಳು ಮರದ ಉದ್ದನೆಯ ಮೇಜಿನ ಪಕ್ಕ ನಿಂತು, ಮೂಗು ಬಾಯಿಗೆ ಸೆರಗು ಕಟ್ಟಿಕೊಂಡು, ಯಾವುದೋ ಟ್ಯಾಕ್ಸಿಯ ರಟ್ಟನ್ನು ತೆಂಗಿನ ನಾರಿನ ಬ್ರಷ್ಷಿನಿಂದ ಉಜ್ಜುತ್ತಿದ್ದಳು. ಹಳೆಯ ಸ್ಪಂಜು ಕಡಲೆ ಹಿಟ್ಟಿನಂತೆ ಹಳದಿ ಪುಡಿಯಾಗಿ ಉದುರುತ್ತಿತ್ತು. ಅವಳ ಹುಬ್ಬಿನ ಮೇಲೂ ಹಳದಿ.

“ಅವ್ವಗ ಇದೆಲ್ಲ ಯಾಕ ಹಚ್ಚಿದ್ದಿ?” ತಮ್ಮನಿಗೆ ಕೇಳಿದೆ. ನನ್ನ ದನಿ ವಿಚಾರಣೆಯ ದನಿಯಾಗಿತ್ತು.

“ನಾ ಹಚ್ಚಿಲ್ಲಣ್ಣ. ಬ್ಯಾಡಂದ್ರ ನನಗೇ ಹೊಡೀಲಾಕ ಬರ್ತಾಳ.”

“ನಿನ್ನ ಮನ್ಯಾಗ ಕುಂಡ್ರಸ್ತಿ, ಇಂವ ನಿಂದರಸ್ತಾನ,” ಅವ್ವ ಸೆರಗಿನ ಹಿಂದಿನಿಂದಲೇ ಹೇಳಿದಳು. “ನಂಗ ನಿಂತ್ರ ಕಾಲು ನೋಯಂಗಿಲ್ಲ.”

ತಮ್ಮ ನನ್ನ ಕಾರಿನೊಳಗೆ ಕೂತು ದೀಪ, ಹಿಡಿಕೆ, ಬಿಸಿಲು ತಡೆಯುವ ಹಲಗೆ ಎಲ್ಲದರ ಸ್ಕ್ರೂ ಬಿಚ್ಚಿದ. ಪಿನ್ನುಗಳನ್ನು ಒಂದೊಂದಾಗಿ ಕಿತ್ತು ಡಬ್ಬಿಗೆ ಹಾಕಿದ. ರಟ್ಟನ್ನು ಹಿಂದಿನ ಬಾಗಿಲಿನಿಂದ ಓರೆ ಮಾಡಿ ಹೊರಗೆಳೆದು ಮೇಜಿನ ಮೇಲೆ ಹಾಕಿದ. ನನ್ನ ಅಂಟನ್ನು ಉಗುರಿನಿಂದ ಕೆರೆದು ಮೂಸಿ ನೋಡಿದ. ನಕ್ಕನೋ ಇಲ್ಲವೋ, ನಾನು ಆ ಕಡೆ ನೋಡಲಿಲ್ಲ.

ಅವ್ವ ನನ್ನ ರಟ್ಟನ್ನೂ ಉಜ್ಜಿದಳು. ರಟ್ಟಿಗೂ ಹೊಸ ಬೂದು ಬಟ್ಟೆಯ ಹಿಂಬದಿಗೂ ತಮ್ಮ ಬೇರೆ ಬೇರೆಯಾಗಿ ಅಂಟು ಬಳಿದ. ಆಮೇಲೆ ಇಬ್ಬರೂ ಸುಮ್ಮನೆ ನಿಂತರು. ಬಟ್ಟೆ ಹಾಕುವುದಕ್ಕೆ ಯಾಕೆ ತಡ ಎಂದು ನಾನು ಕೇಳುವಷ್ಟರಲ್ಲಿ ತಮ್ಮ, “ಅವ್ವಾ, ನೋಡು,” ಎಂದ.

ಅವ್ವ ಬಲಗೈಯ ನಡುಬೆರಳು ಮಡಚಿ, ಬೆರಳಿನ ಬೆನ್ನನ್ನು ಅಂಟಿಗೆ ತಾಗಿಸಿ ಎತ್ತಿದಳು. “ಇನ್ನಾ ಹಸಿ ಅದ.” ಸ್ವಲ್ಪ ಹೊತ್ತಿನ ಮೇಲೆ ಮತ್ತೆ. “ತಡಿ.” ಮೂರನೆಯ ಸಲ ಬೆರಳೆತ್ತಿದಾಗ ಸಣ್ಣದೊಂದು ಸಪ್ಪಳ ಬಂತು, ಚಟ್ ಅಂತ. ಅವಳು ತಲೆ ಓರೆ ಮಾಡಿ ಕೇಳಿದಳು. “ಹೂಂ.”

ಆ ‘ಹೂಂ’ ಬಂದದ್ದೇ ತಡ, ಇಬ್ಬರೂ ಬಟ್ಟೆಯ ಎರಡೆರಡು ತುದಿ ಹಿಡಿದು ಎತ್ತಿದರು.

“ಇದು ಹೆಂಗ ಗೊತ್ತಾಗ್ತದ?” ನಾನು ಕೇಳಿದೆ.

“ಬೆಲ್ಲದ ಪಾಕ ಹೆಂಗ ಗೊತ್ತಾಗ್ತದ? ಬೆರಳಿಗಿ ಮೆತ್ತಬಾರದು, ಬೆರಳು ಸುಮ್ನ ಬಿಡಲೂಬಾರದು. ಮಳಿಗಾಲದಾಗ ತಡಾ ಆಗ್ತದ, ಬ್ಯಾಸಿಗ್ಯಾಗ ಲಗು. ಗಡಿಯಾರ ನೋಡಿ ಹಾಕಿದ್ರ ಗುಳ್ಳಿ ಏಳ್ತಾವ. ಇವನವು ಮೊದಲ ಭಾಳ ಏಳ್ತಿದ್ದವು.”

“ಖರೆ,” ತಮ್ಮ ಹೇಳಿದ. “ಅವ್ವ ಬಂದ ಮ್ಯಾಲ ಒಂದೂ ವಾಪಸ್ ಬಂದಿಲ್ಲ.”

ಓಝರ್‌ನ ಎಂಜಿನಿಯರ್ ಹೊಗಳಿದ ಕೈ ಯಾರದೆಂದು ಆಗ ನನಗೆ ತಿಳಿಯಿತು. ಸಮಾಧಾನ ಆಗಬೇಕಿತ್ತು. ಆಗಲಿಲ್ಲ. ತಮ್ಮನೊಬ್ಬನೇ ಜಾಣ ಎಂದು ತಿಳಿದಾಗ ಆಗಿದ್ದಕ್ಕಿಂತ ಈಗ ಹೆಚ್ಚು ಉರಿಯಿತು. ಅವರಿಬ್ಬರೂ ಸೇರಿ ಒಂದು ಕೆಲಸ ಮಾಡುತ್ತಿದ್ದರು. ನನ್ನ ಮನೆಯಲ್ಲಿ ಅವ್ವನಿಗೆ ಒಂದು ಲೋಟ ತೊಳೆಯಲೂ ಬಿಡುತ್ತಿರಲಿಲ್ಲ. “ಕೂತಿರು ಅವ್ವ” ಎನ್ನುವುದು ನನ್ನ ಮರ್ಯಾದೆಯಾಗಿತ್ತು.

“ನಾನೂ ಹಿಡೀತೀನಿ,” ಎಂದು ಒಂದು ತುದಿಗೆ ಕೈ ಹಾಕಿದೆ.

“ಹಿಡಿ. ಜಗ್ಗಬ್ಯಾಡಣ್ಣ, ಸುಮ್ನ ಹಿಡಿ.”

ನಾನು ಜಗ್ಗಿದೆ. ಬೇಕೆಂದು ಅಲ್ಲ, ಬಿಗಿಯಾದರೆ ಚೆಂದ ಕೂರುತ್ತದೆ ಎಂದುಕೊಂಡೆ. ಬಟ್ಟೆ ನನ್ನ ಕಡೆ ಓಡಿ ಬಂತು, ಅಲ್ಲೇ ಅಂಟು ಹಿಡಿಯಿತು. ಹಿಂದಿನ ಎಡಮೂಲೆಯಲ್ಲಿ ಗೇಣುದ್ದದ ಒಂದು ನಿರಿಗೆ ನಿಂತಿತು.

“ಜಗ್ಗಬ್ಯಾಡ ಅಂದನಲ್ಲೋ ಅಂವ!” ಅವ್ವ ಕೂಗಿದಳು. “ಸಣ್ಣಾಂವ ಇದ್ದಾಗಿಂದ ಇದೇ ಚಾಳಿ!”

“ಇರ್ಲಿ ಬಿಡವ್ವ,” ತಮ್ಮ ಹೇಳಿದ. “ಮೂಲ್ಯಾಗ ಅದ. ಯಾರ್ ನೋಡ್ತಾರ?”

ರಟ್ಟು ಮತ್ತೆ ಕಾರಿನೊಳಗೆ ಕೂತಿತು. ಅವ್ವ ಹಿಂದಿನ ಸೀಟಿನಲ್ಲಿ ಕೂತು ಮೇಲೆ ಅಂಗೈಯಾಡಿಸಿ ನೋಡಿದಳು. ಒಪ್ಪಿದಳು.

“ಅವ್ವ, ಛತ್ತ ಸರಿ ಆದ್ರ ಬರ್ತೀನಿ ಅಂದಿದ್ದಿ,” ಎಂದೆ. ಹೇಳಿಕೆ ಕೊಟ್ಟವರ ಮುಂದೆ ಅವರದೇ ಹೇಳಿಕೆ ಇಡುವುದು ನನಗೆ ರೂಢಿ.

“ಅಂದಿದ್ದೆ.” ಅವಳು ತಮ್ಮನ ಮುಖ ನೋಡಿದಳು. ಮೇಜಿನ ಮೇಲೆ ಟ್ಯಾಕ್ಸಿಯ ರಟ್ಟು ಅರ್ಧ ಉಜ್ಜಿ ಬಿದ್ದಿತ್ತು. ತಮ್ಮ, “ಹೋಗಿ ಬಾರವ್ವ. ನಾ ನಡಸ್ತೀನಿ,” ಎಂದ. ಅವಳು ಮನೆಗೆ ಹೋಗಿ ಚೀಲ ತಂದಳು. ಈ ಸಲ ವೈಜಾಪುರದಲ್ಲಿ ಚಹಾ ಕುಡಿದು ಮತ್ತೆ ನನ್ನ ಕಾರನ್ನೇ ಹತ್ತಿದಳು. ನಾನು ಗೆದ್ದಿದ್ದೆ.

ನಾಸಿಕ್‌ಗೆ ಬಂದ ಮೂರನೆಯ ದಿನ ಮಧ್ಯಾಹ್ನ ಮೊದಲ ಫೋನ್ ಬಂತು. ಶ್ರಾವಣದ ಜಡಿಮಳೆ; ಔರಂಗಾಬಾದ್‌ನಲ್ಲೂ ತಂಪು ಹವೆ. ಅಂಟು ಯಾವಾಗ ಆಗುತ್ತದೆ ಎಂದು ತಮ್ಮನಿಗೆ ತಿಳಿಯುತ್ತಿರಲಿಲ್ಲ. ಅವ್ವ ಮೊಬೈಲನ್ನು ಕಿವಿಗೆ ಒತ್ತಿಕೊಂಡು ಕಿಟಕಿಯ ಪಕ್ಕ ನಿಂತಳು.

“ಬೆರಳ ಬೆನ್ನಿಲೆ ಮುಟ್ಟು. ಫೋನ್ ಹಂತ್ಯಾಕ ಹಿಡಿ. ಎತ್ತು. ... ಕೇಳಸ್ಲಿಲ್ಲ, ಇನ್ನೊಮ್ಮಿ ಎತ್ತು. ... ಹಸಿ ಅದ. ಚಹಾ ಕುಡ್ದು ಬಾ ಹೋಗು.”

ಇಪ್ಪತ್ತು ನಿಮಿಷದ ನಂತರ ಮತ್ತೆ. ಅವಳು ಕಣ್ಣು ಮುಚ್ಚಿ ಕೇಳಿದಳು. ಮುಖ ಅರಳಿತು. “ಹೂಂ. ಹಾಕು!”

ಇನ್ನೂರು ಕಿಲೋಮೀಟರ್ ದೂರದ ಅಂಟಿನ ಸಪ್ಪಳವನ್ನು ಅವಳು ನನ್ನ ಹಾಲ್‌ನಲ್ಲಿ ನಿಂತು ಕೇಳುತ್ತಿದ್ದಳು. ವಾರಕ್ಕೆ ಮೂರು ನಾಲ್ಕು ಸಲ ಹೀಗೆ. ನನ್ನ ಮಕ್ಕಳು ಅಜ್ಜಿಗೆ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದರು; ನಾನು ಕೆಲಸದಿಂದ ಬಂದು “ಊಟಾ ಆತೇನವ್ವ” ಎನ್ನುತ್ತಿದ್ದೆ. ನನ್ನ ಮನೆಯಲ್ಲಿ ಅವ್ವನ ಬಾಯ್ತುಂಬ ಕನ್ನಡ ಕೇಳುತ್ತಿದ್ದದ್ದು ಆ ಫೋನು ಬಂದಾಗ ಮಾತ್ರ. ಅವಳು ನನ್ನ ಮನೆಯಲ್ಲಿದ್ದಳು, ಆದರೆ ಇದ್ದದ್ದು ತಮ್ಮನ ಶೆಡ್ಡಿನಲ್ಲೇ.

ಗಣಪತಿ ಹಬ್ಬ ನಾಲ್ಕು ದಿನ ಇದೆ ಎನ್ನುವಾಗ, ನನ್ನ ವಾರದ ರಜೆಯ ದಿನ, ಫೋನ್ ಬಂತು. ನಾನು ಟಿವಿಯಲ್ಲಿ ಮರಾಠಿ ಬಾತ್ಮಿ, ಅಂದರೆ ವಾರ್ತೆ, ನೋಡುತ್ತಿದ್ದೆ. ಅವ್ವ ಕಿಟಕಿಗೆ ಹೋದಳು. “ಮುಟ್ಟು. ಎತ್ತು,” ಎಂದಳು. ನಾನು ರಿಮೋಟ್ ತೆಗೆದುಕೊಂಡು ದನಿ ಹೆಚ್ಚಿಸಿದೆ.

ಇದನ್ನು ನೇರವಾಗಿ ಬರೆಯುತ್ತಿದ್ದೇನೆ, ಏಕೆಂದರೆ ಬೇರೆ ರೀತಿ ಬರೆಯಲು ಸಾಧ್ಯವಿದೆ. ಟಿವಿ ಜೋರಾಗಿತ್ತು ಎಂದು ಬರೆಯಬಹುದು. ಯಾರು ಮಾಡಿದರು ಎನ್ನುವುದು ಬಿಟ್ಟುಹೋಗುತ್ತದೆ. ನಾನು ಮಾಡಿದೆ. ಅವಳು ಇನ್ನೊಂದು ಕಿವಿಗೆ ಬೆರಳಿಟ್ಟುಕೊಂಡಳು. “ಹಾಂ? ಇನ್ನೊಮ್ಮಿ ಎತ್ತು.” ನಾನು ಮತ್ತಷ್ಟು ಹೆಚ್ಚಿಸಿದೆ. ಅವಳು ತಿರುಗಿ ಒಂದು ಕ್ಷಣ ನನ್ನನ್ನು ನೋಡಿದಳು. ಆಮೇಲೆ ಫೋನಿಗೆ, “ಹೂಂ. ಹಾಕು,” ಎಂದಳು. ಫೋನ್ ಇಟ್ಟಳು. ನಾನು ದನಿ ಇಳಿಸಿದೆ.

ಗಣಪತಿ ನೀರಿಗೆ ಹೋದ ಮೇಲೆ ಒಂದು ಮುಂಜಾನೆ ತಮ್ಮ ಅವ್ವನಿಗಲ್ಲ, ನನ್ನ ಮೊಬೈಲಿಗೆ ಫೋನ್ ಮಾಡಿದ. ನಾನು ಟಿವಿ ಜೋರು ಮಾಡಿದ ದಿನ ಹಾಕಿದ ಟ್ಯಾಕ್ಸಿಯ ಛತ್ತು ಪ್ರವಾಸಿಗಳಿದ್ದಾಗಲೇ ನಡುದಾರಿಯಲ್ಲಿ ಕಳಚಿ ತಲೆಯ ಮೇಲೆ ಬಿದ್ದಿತ್ತಂತೆ. ಡ್ರೈವರ್ ಬಂದು ನಾಲ್ಕು ಜನರೆದುರು ಬಾಯಿಗೆ ಬಂದಂತೆ ಬೈದು ಹೋಗಿದ್ದ. ತಮ್ಮ ಮತ್ತೆ ಮಾಡಿಕೊಟ್ಟಿದ್ದ.

“ಅವ್ವಗ ಹೇಳ್ಬ್ಯಾಡಣ್ಣ. ಮನಸಿಗಿ ಹಚ್ಕೋತಾಳ. ನಿನಗ್ಯಾಕ ಹೇಳ್ದೆ ಅಂದ್ರ, ಇನ್ನ ಫೋನ್ ಮಾಡಂಗಿಲ್ಲ. ಯಾಕ ಅಂತ ಕೇಳಿದ್ರ ಹವಾ ಒಣಗ್ಯದ ಅಂತ ಹೇಳು.”

ಒಂದು ತಾಸಿನೊಳಗೆ ನಾನು ಅವ್ವನಿಗೆ ಹೇಳಿದೆ. ಸುದ್ದಿ ಮುಚ್ಚಿಡುವುದು ನನ್ನ ಕಸುಬಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಟಿವಿಯ ವಿಷಯ ಮಾತ್ರ ಹೇಳಲಿಲ್ಲ. ಅರ್ಧ ವರದಿ ಕೊಟ್ಟೆ.

ಅವ್ವ ಬೆರಳಿನ ಬೆನ್ನು ನೋಡಿಕೊಂಡಳು. “ನನ್ನ ಕಿವಿ ಹೋಗ್ಯಾವ ಕಾಣಸ್ತದ,” ಎಂದಳು. ಅಷ್ಟೇ.

ಆಮೇಲೆ ಅವಳು ನಾನು ಬಯಸಿದ ಹಾಗೇ ಇದ್ದಳು. ಕೂತಿರು ಎಂದಲ್ಲಿ ಕೂತಳು. ಕೈಗಳು ತೊಡೆಯ ಮೇಲಿರುತ್ತಿದ್ದವು. ತಮ್ಮನ ಫೋನ್ ಬಂದರೆ ಹಬ್ಬ, ಮಳೆ, ಮೊಮ್ಮಕ್ಕಳ ಮಾತಾಡಿ ಇಡುತ್ತಿದ್ದಳು. ಒಮ್ಮೆ ನನ್ನ ಹೆಂಡತಿ ಶೇಂಗಾ ಉಂಡೆಗೆ ಬೆಲ್ಲದ ಪಾಕ ಇಟ್ಟು, “ಅತ್ತಿ, ಒಂದಿಷ್ಟು ಪಾಕ ನೋಡ್ರಿ,” ಎಂದು ಕರೆದಳು. ಅವ್ವ ಅಡುಗೆಮನೆಯ ಬಾಗಿಲವರೆಗೆ ಹೋಗಿ, “ನೀನೇ ನೋಡವ್ವ, ನಂಗ ಈಗ ತಿಳ್ಯಾಂಗಿಲ್ಲ,” ಎಂದು ತಿರುಗಿ ಬಂದಳು. ಅದನ್ನು ನಾನು ಹಾಲ್‌ನಿಂದ ಕೇಳಿದೆ.

ಅಂದು ಸಂಜೆ, “ಅವ್ವ, ದಸರಾಕ್ಕ ಮುಂಚಿ ನಿನ್ನ ಔರಂಗಾಬಾದ್‌ಗಿ ಬಿಟ್ಟು ಬರ್ತೀನಿ,” ಎಂದೆ.

“ಸಂಕ್ರಾಂತಿ ತನಾ ಅಲ್ಲೇನು?”

“ಅಲ್ಲಿ ಸೀಜನ್ ಶುರು ಆಗ್ತದ. ಅವನಿಗಿ ಕೈ ಬೇಕು.”

ಅವಳು ಬೇಡ ಎನ್ನಲಿಲ್ಲ.

ಹೊರಟ ದಿನ ಬಿಸಿಲು ಬಿದ್ದಿತ್ತು. ಅವ್ವ ಹಿಂದೆ, ತನ್ನ ಮೂಲೆಯಲ್ಲಿ ಕೂತಿದ್ದಳು. ಕನ್ನಡಿಯಲ್ಲಿ ನೋಡಿದರೆ ಆಗಾಗ ಕೈಯೆತ್ತಿ ನಾನು ಮಾಡಿದ ನಿರಿಗೆಯನ್ನು ಹೆಬ್ಬೆರಳಿನಿಂದ ತೀಡುತ್ತಿದ್ದಳು. ಯೇವಲಾ ದಾಟಿದ ಮೇಲೆ ಹೇಳಿದೆ.

“ಅವ್ವ, ಆವತ್ತು ಟಿವಿ ನಾನೇ ಜೋರ ಮಾಡಿದ್ದೆ.”

“ಗೊತ್ತದ.”

ರಸ್ತೆಯಲ್ಲಿ ಈರುಳ್ಳಿ ಹೇರಿದ ಟ್ರ್ಯಾಕ್ಟರ್ ಅಡ್ಡ ಬಂತು. ಅದನ್ನು ದಾಟಿಸಿದೆ.

“ಸಪ್ಪಳ ಕೇಳಸ್ತೇನು ನಿಂಗ?”

“ಎಲ್ಲಿ ಕೇಳಸ್ತದ, ಆ ಗದ್ದಲದಾಗ?”

“ಮತ್ತ ಹೂಂ ಯಾಕ ಅಂದಿ?”

“ಫೋನ್ ಇಡ್ಲಿ ಅಂತ ಕುಂತಿದ್ದಿ. ಇಟ್ಟೆ.” ನಿರಿಗೆ ತೀಡುತ್ತಲೇ ಮುಂದುವರಿಸಿದಳು: “ಅಂವ ಕೂಸಿದ್ದಾಗ ಹಾಲು ಕುಡಿಸ್ಲಾಕ ಕುಂತ್ರ ನೀ ಥಾಲಿ ತಂದು ಬಡೀತಿದ್ದಿ. ಕೂಸು ಬೆಚ್ಚಿ ಹಾಲು ಬಿಡ್ತಿತ್ತು. ನಾ ಅದನ ಕೆಳಗಿಟ್ಟು ನಿನ್ನ ಎತ್ಕೋತಿದ್ದೆ. ಏನ್ ಮಾಡ್ಲಿ?”

ನನಗೆ ಆಗ ನಲವತ್ತೆರಡು ವರ್ಷ.

“ಅವನಿಗಿ ನಾ ಹೇಳಂಗಿಲ್ಲ,” ಎಂದಳು. “ನೀ ಹೇಳ್ತಿ.”

ಶೆಡ್ಡಿನ ಮುಂದೆ ಮಧ್ಯಾಹ್ನ ಮುಟ್ಟಿದೆವು. ಆಚೆ ತಳ್ಳುಗಾಡಿಯವಳೊಬ್ಬಳು ಸೀತಾಫಲದ ಗುಡ್ಡೆ ಹಾಕಿಕೊಂಡು ಕೂತಿದ್ದಳು. ನಾನು ಕಾರು ಪೂರ್ತಿ ನಿಲ್ಲಿಸುವ ಮೊದಲೇ ಅವ್ವ ಬಾಗಿಲು ತೆರೆದು ಇಳಿದಳು. ಚೀಲ ಸೀಟಿನ ಮೇಲೇ ಉಳಿಯಿತು. ನಿಂತಿದ್ದ ಡ್ರೈವರುಗಳಲ್ಲಿ ಒಬ್ಬ “ಮಾವಶಿ ಆಲ್ಯಾ!” ಎಂದು ಕೂಗಿದ, ಚಿಕ್ಕಮ್ಮ ಬಂದರು ಅಂತ. ನನಗೆ ಅದೂ ಚುಚ್ಚಿತು.

ತಮ್ಮ ಮೇಜಿನ ಹತ್ತಿರ ಅಂಟು ಬಳಿಯುತ್ತಿದ್ದ. ನಾನು ಹೋಗಿ ನಿಂತು ಹೇಳಿದೆ. ಟಿವಿಯದನ್ನು, ಬೇಡವೆಂದರೂ ಅವ್ವನಿಗೆ ತಿಳಿಸಿದ್ದನ್ನು, ಎರಡನ್ನೂ. ಅವನು ಬ್ರಷ್ ನಿಲ್ಲಿಸಲಿಲ್ಲ.

“ಟಿವಿದು ಗೊತ್ತಿತ್ತಣ್ಣ. ಆವತ್ತು ನಂಗ ಫೋನ್‌ನಾಗ ಪೂರಾ ಬಾತ್ಮಿ ಕೇಳಸ್ತು. ಕೊಂಕಣದಾಗ ಮಳಿ, ಪುಣೆದಾಗ ಮಳಿ.”

“ಗೊತ್ತಿದ್ದೂ ಬಟ್ಟಿ ಯಾಕ ಹಾಕ್ದಿ?”

“ಅವ್ವ ಹೂಂ ಅಂದ ಮ್ಯಾಲ ನಾ ಹೆಂಗ ಬಿಡ್ಲಿ?” ಎಂದ. ಆಗ ಬ್ರಷ್ ಕೆಳಗಿಟ್ಟು ನನ್ನನ್ನು ನೋಡಿದ. “ಅವ್ವಗ ಹೇಳಬಾರದಿತ್ತು ನೀ. ಅಷ್ಟೇ.”

ಇಪ್ಪತ್ತು ವರ್ಷಗಳಲ್ಲಿ ಅವನು ನನಗೆ ಅಂದ ಬಿರುಸು ಮಾತು ಅದೊಂದೇ.

ಅವ್ವ ಆಗಲೇ ಸೆರಗು ಸೊಂಟಕ್ಕೆ ಸಿಕ್ಕಿಸಿ ಮೇಜಿನ ಆಚೆ ನಿಂತಿದ್ದಳು. ಬೆರಳು ತಾಗಿಸಿದಳು. “ಹಸಿ ಅದ.” ಕಾದೆವು. ಬಿಸಿಲಿತ್ತು, ಹೆಚ್ಚು ಹೊತ್ತು ಬೇಕಾಗಲಿಲ್ಲ. ಎರಡನೆಯ ಸಲ ಬೆರಳೆತ್ತಿದಾಗ ಸಪ್ಪಳ ನನಗೂ ಕೇಳಿಸಿತು.

“ಹೂಂ,” ಎಂದಳು. ಗಲ್ಲದಿಂದಲೇ ಒಂದು ಮೂಲೆ ತೋರಿಸಿದಳು. “ನೀ ಆ ತುದಿ ಹಿಡಿ. ಜಗ್ಗಬ್ಯಾಡ.”

ಹಿಡಿದೆ. ಬಟ್ಟೆ ನಡುವಿನಿಂದ ಕೆಳಗೆ ಕೂರುತ್ತ ಬಂತು. ಅವ್ವನ ಕಣ್ಣು ತಮ್ಮನ ಕೈಗಳ ಮೇಲಿತ್ತು. ಅವನ ಅಂಗೈ ಹೋದಲ್ಲೆಲ್ಲ ಅವಳ ಕಣ್ಣೂ ಹೋಗುತ್ತಿತ್ತು. ನನ್ನ ತುದಿಯ ಕಡೆ ಒಮ್ಮೆಯೂ ಬರಲಿಲ್ಲ. ಅದನ್ನು ನೋಡುತ್ತ ನಿಂತಿದ್ದೆ. ಜಗ್ಗಲಿಲ್ಲ.